ಬಾವುಟ ಏರಿದ ಮೇಲೆ ಬಂದವರು

ನವೆಂಬರ್ 2, ಮಧ್ಯಾಹ್ನ

ಮತ್ತೆ ಗುಡಿಸಿದೆ. ಮತ್ತೆ ಮರಳು. ಬಾಗಿಲ ಸಂದಿಗೆ ಒದ್ದೆ ಗೋಣಿಚೀಲ ಇಟ್ಟಿದ್ದೇನೆ, ಕಿಟಕಿಗೆ ಟೇಪ್ ಅಂಟಿಸಿದ್ದೇನೆ — ಎಲ್ಲಿಂದ ನುಗ್ಗುತ್ತದೋ ಏನೋ. ಈಗ ಹಲ್ಲಲ್ಲೂ ಕರಕರ.

ಬೆಳಿಗ್ಗೆ ಕಡಲ ದಂಡೆಯಲ್ಲಿ ಕೆಂಪು ಬಾವುಟ ಏರಿತು. ಗಾಳಿಗಾಲ ಶುರುವಾಗಿದೆ, ನೀರಿಗೆ ಇಳಿಯಬೇಡಿ ಅಂತ ಅದರ ಅರ್ಥ. ನಮ್ಮೂರಿನವರು ಓದಿಕೊಳ್ಳುವುದೇ ಬೇರೆ — ಬದುಕುವುದನ್ನೇ ನಿಲ್ಲಿಸಿ ಅಂತ. ನೋಡನೋಡುತ್ತಿದ್ದ ಹಾಗೆ ಶಟರ್ ಇಳಿದವು, ದೋಣಿಗಳು ಬೋರಲಾದವು. ಗಾಳಿಗೆ ಕಿತ್ತು ಹೋಗುತ್ತವೆ ಅಂತ ಬೋರ್ಡುಗಳನ್ನೂ ಬಿಚ್ಚಿ ಒಳಗಿಟ್ಟರು. ಔಷಧಿ ಅಂಗಡಿಯವನೂ! ಗಾಳಿಗಾಲದಲ್ಲಿ ಯಾರಿಗೂ ಜ್ವರ ಬರಬಾರದು ಅಂತ ಆರ್ಡರ್ ಆಗಿದೆಯೇನೋ. ಇನ್ನು ನಾಲ್ಕು ತಿಂಗಳು ಇದೇ ಕಥೆ.

ನಮ್ಮ ಲಾಡ್ಜಿನ ಬೋರ್ಡು ಬಿಚ್ಚಲು ಇವರು ಏಣಿ ತಂದರು. ಏಣಿ ಹಿಡಿದುಕೊಂಡು ನಿಂತೆ, ಬಿಡಲಿಲ್ಲ. ಅಲ್ಲೇ ಜಗಳ.

ಪ್ರತಿ ವರ್ಷ ಬಾವುಟ ಏರಿದ ವಾರಕ್ಕೆ ಇವರು ಬ್ಯಾಗ್ ಹಿಡಿದು ಹೊರಡುವುದು. ಯಾವುದೋ ದೂರದ ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ಅಡುಗೆ. ಬಾವುಟ ಇಳಿದ ಮೇಲೆ ವಾಪಸ್. ಇಷ್ಟು ವರ್ಷ ಹೇಗೋ ನುಂಗಿಕೊಂಡೆ. ಈ ಸಲ ಕ್ಯಾಂಟೀನಿನವರು ಪರ್ಮನೆಂಟ್ ಮಾಡ್ತೀವಿ ಅಂದಿದ್ದಾರೆ. ಪರ್ಮನೆಂಟ್ ಅಂದರೆ ವರ್ಷಪೂರ್ತಿ. ರಜಕ್ಕೆ ಬರುವ ಗಂಡ. ರಜಕ್ಕೆ ಬರುವ ಅಪ್ಪ.

“ಎಂಟು ರೂಮ್ ಇಟ್ಕೊಂಡು ನಾಲ್ಕು ತಿಂಗಳು ಗೋಡೆ ನೋಡ್ತಾ ಕೂರೋದು. ಎಷ್ಟು ವರ್ಷ ಅಂತ ಹೇಳು?” ಅಂದರು.

ನ್ಯಾಯವಾದ ಮಾತೇ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

“ಈ ತಿಂಗಳು ಮುಗಿಯೋ ತನಕ ಟೈಮ್ ಕೊಡಿ. ಗಾಳೀಲೂ ರೂಮ್ ತುಂಬಿಸ್ತೀನಿ. ತುಂಬಿದ್ರೆ ನೀವು ಹೋಗಬಾರ್ದು.”

“ಯಾರೇ ಬರ್ತಾರೆ ಇಲ್ಲಿಗೆ, ಮರಳು ತಿನ್ನೋಕಾ?”

“ಬಂದ್ರೆ?”

“ಬಂದ್ರೆ ನೋಡೋಣ.”

“ನೋಡೋಣ ಗೀಡೋಣ ಬೇಡ. ಹೂಂ ಅನ್ನಿ.”

ಹೂಂ ಅಂದರು. ಏಣಿ ವಾಪಸ್ ಹೋಯಿತು. ಐದು ನಿಮಿಷಕ್ಕೆ ಅಡುಗೆಮನೆಯಿಂದ ಕೂಗು — ಟೀ ಸೋಸೋ ಜಾಲರಿ ಎಲ್ಲಿ? ಒಲೆ ಪಕ್ಕದ ಮೊಳೆಗೆ. ಮದುವೆಯಾದಾಗಿನಿಂದ ಅದೇ ಮೊಳೆ. ದಿನಾ ಕೇಳುತ್ತಾರೆ. ಇವರು ದೊಡ್ಡ ಅಡುಗೆಭಟ್ಟರಂತೆ!

ನವೆಂಬರ್ 4, ಸಂಜೆ

ಹೋಟೆಲ್ ಮಾಲೀಕರ ಸಂಘದ ಮೀಟಿಂಗ್. ಅಧ್ಯಕ್ಷರು ಭಾವ — ಇವರ ಸ್ವಂತ ಅಣ್ಣ, ದಂಡೆಯ ಮೇಲಿನ ದೊಡ್ಡ ಹೋಟೆಲಿನವರು. ನಾನು ಕೇಳಿದ್ದೇನು? ಒಂದು ಟೀ ಅಂಗಡಿ ತೆಗೆದಿರಲಿ, ಔಷಧಿ ಅಂಗಡಿ ತೆಗೆದಿರಲಿ, ಬೀದಿ ದೀಪ ಉರಿಯಲಿ. ಆಫ್ ಸೀಸನ್ನಿನಲ್ಲೂ ಜನ ಬರುವ ಹಾಗೆ ಏನಾದರೂ ಮಾಡೋಣ. ಇಷ್ಟೇ.

“ಒಳ್ಳೆ ಸಲಹೆ ಕಣಮ್ಮ. ಆಫ್ ಸೀಸನ್ ವಿಷಯ ಸೀಸನ್ ಬಂದಾಗ ಮಾತಾಡೋಣ. ಆಗ ಎಲ್ರೂ ಊರಲ್ಲಿರ್ತಾರೆ” ಅಂದರು ಭಾವ.

ಸೀಸನ್ನಿನಲ್ಲಿ ಕೇಳಿದಾಗ, ಈಗ ಪುರುಸೊತ್ತೆಲ್ಲಿದೆ, ಆಫ್ ಸೀಸನ್ನಿನಲ್ಲಿ ಮಾತಾಡೋಣ ಅಂದಿದ್ದರು. ಇದೇ ಬಾಯಿ, ಇದೇ ಕುರ್ಚಿ.

ತಲೆ ಕೆಟ್ಟು ಹೋಯಿತು. ಎದ್ದು ನಿಂತು ಕಿರುಚಿದೆ. “ಊರು ಸತ್ತಿಲ್ಲ ಅಂತಾದ್ರೂ ತೋರ್ಸಿ ಭಾವ! ಇಷ್ಟು ಜನ ಇದ್ದೀರಿ. ಯಾರಾದ್ರೂ ಬಂದ್ರೆ ನಾಲ್ಕು ಮುಖನಾದ್ರೂ ಕಾಣೋ ಹಾಗೆ ಮಾಡಿ!”

ಭಾವ ಕನ್ನಡಕ ಒರೆಸಿಕೊಂಡರು. ಇವರು ಹಿಂದಿನ ಸಾಲಿನಲ್ಲಿ ಕೂತು ಕಾಲಿನ ಉಗುರು ನೋಡುತ್ತಿದ್ದರು. ಅಣ್ಣನ ಎದುರು ಇವರ ಬಾಯಿಗೆ ಬೀಗ. ಚಿಕ್ಕಂದಿನಿಂದ ಹಾಗೇ ಅಂತೆ. ಅತ್ತೆ ಹೇಳುತ್ತಾರೆ — ಅಣ್ಣ ಹೊಡೆದರೆ ಅಳುವುದಕ್ಕೂ ಅಣ್ಣನನ್ನೇ ಕೇಳುತ್ತಿದ್ದರಂತೆ.

ನವೆಂಬರ್ 5

ಒಳ್ಳೆ ಸೀರೆ ಉಟ್ಟು, ತಲೆ ಬಾಚಿ, ಬರೆದುಕೊಂಡು ಬಾಯಿಪಾಠ ಮಾಡಿ ವಿಡಿಯೋಗೆ ನಿಂತೆ. “ನಿಸರ್ಗದ ಮಡಿಲಲ್ಲಿ...” ಅಂತ ಶುರು ಮಾಡಿದ್ದೇ ತಡ, ಮಗಳು ಬಿದ್ದು ಬಿದ್ದು ನಕ್ಕಳು. ಒಂಬತ್ತನೇ ಕ್ಲಾಸು. ಬಾಯಿ ಮಾತ್ರ ಕಾಲೇಜು.

ಅವಳು ಇಂಟರ್‌ನೆಟ್ಟಿಗೆ ಹಾಕಿದ್ದು ಯಾವುದು ಗೊತ್ತಾ? ನಿನ್ನೆ ಸಿಟ್ಟಿನಲ್ಲಿ ವರಾಂಡ ಗುಡಿಸುವಾಗ ಕದ್ದು ತೆಗೆದದ್ದು. ಹಳೇ ನೈಟಿ, ಕೆದರಿದ ಕೂದಲು, ಗೊಣಗಾಟ. “ಏನಿದೆ ಇಲ್ಲಿ ನೋಡೋಕೆ? ಒಂದು ನರಪಿಳ್ಳೆ ಇಲ್ಲ. ಅಂಗಡಿ ಇಲ್ಲ, ಮೈಕ್ ಇಲ್ಲ, ಫೋಟೋ ತೆಗೆಸಿ ಅಂತ ಬೆನ್ನು ಹತ್ತೋರಿಲ್ಲ. ಗಾಳಿ, ನೀರು, ನಾನು, ಪೊರಕೆ. ಅಷ್ಟೇ.” ಕೆಳಗೆ ಲಾಡ್ಜಿನ ನಂಬರ್.

“ಮಾನ ಕಳೆದೆಯಲ್ಲೇ!” ಅಂದೆ.

“ಅಮ್ಮ, ನೀನು ನಿಜ ಹೇಳ್ತಿರೋದು ಇದರಲ್ಲೇ” ಅಂದಳು. ಅಳಿಸುವುದಿಲ್ಲವಂತೆ.

ನವೆಂಬರ್ 11

ಏನೂ ಇಲ್ಲ. ಒಬ್ಬ ಫೋನ್ ಮಾಡಿದ್ದ. ಆ ಪೊರಕೆ ಎಲ್ಲಿ ಸಿಗುತ್ತೆ ಅಂತ ಕೇಳಿದ.

ನವೆಂಬರ್ 12, ಬೆಳಿಗ್ಗೆ 11

ಈ ಸಲ ಪೊರಕೆ ಕೇಳಲು ಅಲ್ಲ.

ಒಬ್ಬ ಮೇಡಂ ಫೋನ್ ಮಾಡಿದ್ದರು. ಗಿರಾಕಿಗಳ ಕಂಪ್ಲೇಂಟ್ ಕೇಳುವ ಆಫೀಸಂತೆ. ದಿನವಿಡೀ ಕಿವಿಗೆ ಫೋನು, ಫೋನಿನೊಳಗೆ ಬೈಗುಳ. ಕೆಲಸದವರಿಗೆ ತಲೆ ಚಿಟ್ಟು ಹಿಡಿದು ಹೋಗಿದೆ, ಒಂದು ಹುಡುಗಿಗಂತೂ ಊಟವೇ ಸೇರುತ್ತಿಲ್ಲ.

“ನಿಮ್ಮ ವಿಡಿಯೋ ನೋಡಿದ್ವಿ. ನಿಜವಾಗ್ಲೂ ಅಲ್ಲಿ ಏನೂ ಇಲ್ವಾ?”

ಬೈಯಲು ಫೋನ್ ಮಾಡಿದ್ದಾರೆ ಅಂದುಕೊಂಡೆ. “ಏನೂ ಇಲ್ಲ ಮೇಡಂ.”

“ಮೈಕ್, ಹಾಡು, ಜನ?”

“ಕಾಗೇನೂ ಇಲ್ಲ.”

“ಹಾಗಾದ್ರೆ ಎಂಟೂ ರೂಮ್ ಕೊಡಿ. ಐದು ದಿನ. ಸುಮ್ಮನೆ ಕೂತಿರೋಕೆ ಬರ್ತೀವಿ. ಸರಿ ಹೋದ್ರೆ ಗಾಳಿ ನಿಲ್ಲೋ ತನಕ ಒಂದಾದ ಮೇಲೊಂದು ಬ್ಯಾಚ್ ಕಳಿಸ್ತೀನಿ.”

ಗಾಳಿ ನಿಲ್ಲುವ ತನಕ! ಅಡುಗೆಮನೆಗೆ ಓಡಿದೆ. “ರೀ, ತುಂಬ್ತು!” ಅಂದೆ. ಇವರು ಈರುಳ್ಳಿ ಹೆಚ್ಚುತ್ತಿದ್ದರು. ಚಾಕು ನಿಂತಿತು. “ಬರಲಿ ನೋಡೋಣ” ಅಂದರು. ಸಂತೋಷಪಡಲು ಇವರಿಗೆ ಎಷ್ಟು ಸಾಕ್ಷಿ ಬೇಕೋ.

ನವೆಂಬರ್ 13

ಭಾವನಿಗೆ ಹೇಳಲೇಬೇಕಾಯಿತು — ಟೀ ಅಂಗಡಿ ಅವರ ಜಾಗದಲ್ಲಿದೆ. ಮುಖ ಅರಳಿತು. “ಗಾಳಿಗಾಲದಲ್ಲಿ ಗೆಸ್ಟಾ! ನಮ್ಮೂರಿನ ಇತಿಹಾಸದಲ್ಲೇ ಇಲ್ಲ ಕಣಮ್ಮ!”

ಬಿಡಿಸಿ ಬಿಡಿಸಿ ಹೇಳಿದೆ. ಅವರಿಗೆ ಬೇಕಾಗಿರುವುದು ನಿಶ್ಶಬ್ದ. ಖಾಲಿ ಊರು ನೋಡಿಯೇ ಬರುತ್ತಿರುವುದು. ಟೀ, ದೀಪ, ಔಷಧಿ ಸಾಕು.

ಮಗುವಿನ ಮಾತು ಕೇಳಿದ ಹಾಗೆ ನಕ್ಕರು. “ಹಾಗೇ ಹೇಳ್ತಾರಮ್ಮ. ಮನೆಗೆ ಬಂದವರು ಊಟ ಸಾಕು ಅಂದ್ರೆ ಬಡಿಸೋದು ಬಿಡ್ತೀವಾ? ನೀನು ಸುಮ್ನಿರು. ಅವತ್ತು ಮೀಟಿಂಗಲ್ಲಿ ನೀನು ಕಣ್ಣಲ್ಲಿ ನೀರು ಹಾಕ್ಕೊಂಡು ಹೇಳಿದ್ದು ನನ್ನ ತಲೇಲಿದೆ.”

ಕಣ್ಣೀರು ಯಾವಾಗ ಹಾಕಿದೆ? ಕಿರುಚಿದ್ದಲ್ಲವಾ? ಮರಳು ಬಿದ್ದಿರಬೇಕು.

ನವೆಂಬರ್ 16, ಮಧ್ಯಾಹ್ನ

ಲಾಡ್ಜಿನ ಫೋನ್ ಎತ್ತಿದೆ. ಕ್ಯಾಂಟೀನ್ ಮ್ಯಾನೇಜರ್. “ಭಟ್ಟರಿಗೆ ಹೇಳಿ, ಇಪ್ಪತ್ನಾಲ್ಕಕ್ಕೆ ಬಂದು ಜಾಯಿನ್ ಆಗ್ಲಿ. ರೂಮ್ ರೆಡಿ ಇದೆ.”

ಯಾವಾಗ ಒಪ್ಪಿಕೊಂಡರು ಅಂದೆ.

“ಆಗ್ಲೇ ಒಂದು ವಾರ ಆಯ್ತಲ್ಲ!”

ಅಂದರೆ ಮೇಡಂ ಫೋನ್ ಮಾಡುವ ಮೊದಲೇ. ನಾನು ಇಲ್ಲಿ ಹೊಸ ಬೆಡ್‌ಶೀಟ್ ಇಸ್ತ್ರಿ ಮಾಡುತ್ತಿದ್ದೇನೆ, ಇವರು ಹೊರಡುವ ದಿನ ಗೊತ್ತುಮಾಡಿಕೊಂಡು ಕೂತಿದ್ದಾರೆ.

“ತಿಂಗಳು ಮುಗಿಯೋ ತನಕ ಅಂದಿದ್ರಿ. ಹೂಂ ಅಂದಿದ್ರಿ!”

“ಅವರು ಬೇರೆಯವರನ್ನ ತಗೋತೀವಿ ಅಂದ್ರು. ಮಗಳ ಓದಿದೆ. ಯಾರೋ ಬರ್ತಾರೆ ಅಂತ ಗಾಳೀನ ನಂಬ್ಕೊಂಡು ಕೂರೋಕಾಗುತ್ತಾ?”

“ಗಾಳೀನಲ್ಲ, ನನ್ನ ನಂಬಬೇಕಿತ್ತು.”

ಬಾಗಿಲು ಧಡಾರನೆ ಹಾಕಿದೆ. ಗಾಳಿಗೆ ತಾನೇ ಮತ್ತೆ ತೆರೆದುಕೊಂಡಿತು. ಈ ಮನೆಯಲ್ಲಿ ನೆಟ್ಟಗೆ ಸಿಟ್ಟು ಮಾಡಿಕೊಳ್ಳುವುದಕ್ಕೂ ಆಗುವುದಿಲ್ಲ.

ನವೆಂಬರ್ 18, ಸಂಜೆ 4

ಹಾಳಾಯಿತು. ಎಲ್ಲ ಹಾಳಾಯಿತು.

ಬೆಳಿಗ್ಗೆ ಎದ್ದರೆ ನಮ್ಮ ಕಾಂಪೌಂಡಿನ ಮೇಲೆ ಎರಡು ಸ್ಪೀಕರ್. ರಸ್ತೆಗೆ ಅಡ್ಡ ಬ್ಯಾನರ್ — ಹಾರ್ದಿಕ ಸುಸ್ವಾಗತ. ದಂಡೆಯ ಮೇಲೆ... ಹೇಗೆ ಬರೆಯಲಿ. ಭಾವ ಲಾರಿ ಮಾಡಿ ಪಕ್ಕದ ಊರುಗಳಿಂದ ನೆಂಟರಿಷ್ಟರನ್ನೆಲ್ಲ ತರಿಸಿದ್ದಾರೆ. ಅವರಿಗೆ ಟೋಪಿ, ಬಣ್ಣದ ಕೊಡೆ, ಗಾಳಿ ತುಂಬಿದ ಟ್ಯೂಬು. ಈ ಚಳಿಗಾಳಿಯಲ್ಲಿ ಪಾಪದವರು ಹಲ್ಲು ಕಟಕಟ ಅನ್ನಿಸುತ್ತಾ ಅತ್ತ ಹೋಗಿ ಇತ್ತ ಬರುತ್ತಿದ್ದಾರೆ. ಪ್ರವಾಸಿಗರ ಹಾಗೆ! ಕೊಡೆಗಳೆಲ್ಲ ಉಲ್ಟಾ. ಯಾರದೋ ಅಜ್ಜಿ ಟ್ಯೂಬಿನೊಳಗೆ ನಿಂತು ನಡುಗುತ್ತಿದ್ದರು.

ಗೆಸ್ಟುಗಳ ವ್ಯಾನ್ ಬಂತು. ಬ್ಯಾಂಡ್ ಶುರು. ಬಾಗಿಲು ತೆರೆದಿದ್ದೇ ತಡ ಮೈಕಿನಲ್ಲಿ ಭಾವ — “ಆತ್ಮೀಯ ಅತಿಥಿಗಳೇ!” ಸ್ಪೀಕರ್ ಕೀಂ ಅಂತು. ಎಳೆ ವಯಸ್ಸಿನ ಹುಡುಗಿಯೊಬ್ಬಳು ಎರಡೂ ಕಿವಿ ಮುಚ್ಚಿಕೊಂಡು ತನ್ನ ಬ್ಯಾಗಿನ ಮೇಲೇ ಕೂತುಬಿಟ್ಟಳು. ಮೇಡಂ ನನ್ನ ಮುಖ ನೋಡಿದರು. “ನಾವು ಬೇರೆ ಊರಿಗೆ ಬಂದ್ವಾ?”

ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು.

ಭಾವ ಓಡಿ ಬಂದರು. “ಹೆಂಗಮ್ಮ? ಊರು ಸತ್ತಿಲ್ಲ ಅಂತ ತೋರಿಸಿದ್ವಾ ಇಲ್ವಾ? ನೀನು ನಾಲ್ಕು ಮುಖ ಕೇಳಿದ್ದೆ. ನಾನೂರು ತಂದಿದ್ದೀನಿ!” ಕಣ್ಣಲ್ಲಿ ನೀರು ಅವರಿಗೆ. ನಿಜವಾದ ನೀರು. ಬೈಯಲು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡೆ. ಇಡೀ ಊರು ನನಗೋಸ್ಕರ ಒಂದಾಗಿದ್ದು ಇದೇ ಮೊದಲು. ಅದೂ ನನ್ನ ಬುಡಕ್ಕೆ ಕೊಡಲಿ ಹಾಕಲು.

ಮೇಡಂ ಮೆಲ್ಲಗೆ ಹೇಳಿದರು. “ನಾಳೆ ಬೆಳಿಗ್ಗೆ ಹೊರಡ್ತೀವಿ. ಬೇಜಾರು ಮಾಡ್ಕೋಬೇಡಿ.”

ಸ್ಪೀಕರ್ ಇನ್ನೂ ಹಾಡುತ್ತಿದೆ. ಎರಡು ಸಲ ಹೋಗಿ ಕೈ ಮುಗಿದು ಬಂದೆ. “ರಾತ್ರಿ ಹತ್ತರ ತನಕ ಪರ್ಮಿಷನ್ ಇದೆ ಅಕ್ಕಾ” ಅಂದ ಮೈಕ್‌ಸೆಟ್‌ನವನು.

ನವೆಂಬರ್ 19, ಬೆಳಿಗ್ಗೆ

ನಿನ್ನೆ ಅದನ್ನು ಬರೆದು ಪೆನ್ನು ಮುಚ್ಚುತ್ತಿದ್ದೆ. ಇವರು ಅಡುಗೆಮನೆಯಿಂದ ಹೊರಗೆ ಬಂದರು. ಕೈಯಲ್ಲಿ ಸೌಟು. ಸೂಪು ತೊಟ್ಟಿಕ್ಕುತ್ತಿದೆ, ಗಮನವೇ ಇಲ್ಲ. ಸೀದಾ ಕಾಂಪೌಂಡಿಗೆ ಹೋಗಿ ಮೈಕ್‌ಸೆಟ್‌ನ ಪ್ಲಗ್ ಕಿತ್ತರು.

ಅಬ್ಬಾ, ಆ ನಿಶ್ಶಬ್ದ! ಆಮೇಲೆ ಗಾಳಿ. ಸಮುದ್ರ.

“ಯಾವನೋ ಅವ್ನು?” ಅಂತ ಭಾವ ತಿರುಗಿದರು. ತಮ್ಮನನ್ನು ನೋಡಿ ಬಾಯಿ ಹಾಗೇ ನಿಂತಿತು.

“ಸಾಕು ಅಣ್ಣ. ಜನರನ್ನ ಮನೆಗೆ ಕಳಿಸು.”

“ಹೆಂಡ್ತಿ ಮಾತು ಕೇಳ್ಕೊಂಡು ಅಣ್ಣನ ಮರ್ಯಾದೆ ತೆಗೀತಿದ್ದೀಯೇನೋ?”

“ಅವಳ ಮಾತು ಯಾರೂ ಕೇಳ್ಲಿಲ್ಲ ಅಣ್ಣ. ನೀನೂ ಕೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಅದೇ ಆಗಿದ್ದು ತಪ್ಪು.”

ಸೌಟು ಎದೆಗೆ ಒತ್ತಿಕೊಂಡಿದ್ದರು, ಅಂಗಿಯೆಲ್ಲ ಸೂಪು. ಆದರೂ ಪ್ಲಗ್ ಬಿಡಲಿಲ್ಲ. ಭಾವ ಹೊರಟು ಹೋದರು. ಟ್ಯೂಬಿನ ಅಜ್ಜಿಗೆ ಇವರೇ ಬಿಸಿ ಸೂಪು ಕೊಟ್ಟು ಲಾರಿ ಹತ್ತಿಸಿದರು. ವರಾಂಡದಲ್ಲಿ ಕೂತಿದ್ದ ಅತ್ತೆ, “ಇವತ್ತು ಮಾತು ಬಂತು ನನ್ನ ಕೂಸಿಗೆ” ಅಂದರು. ನಲವತ್ತು ದಾಟಿದ ಕೂಸು.

ಈಗ ಮೇಡಂ ಕೆಳಗೆ ಬಂದಿದ್ದರು. ರಾತ್ರಿ ಎಲ್ಲರೂ ಸತ್ತ ಹಾಗೆ ನಿದ್ದೆ ಮಾಡಿದರಂತೆ. “ಇನ್ನೂ ಇರಬಹುದಾ?” ಇದೂ ಒಂದು ಕೇಳುವ ಮಾತಾ!

ನಾನು ಹುಚ್ಚಿ. ಇಷ್ಟಾದ ಮೇಲೆ ಇವರು ಹೋಗುವುದಿಲ್ಲ ಅಂದುಕೊಂಡಿದ್ದೆ. ತಿಂಡಿ ಹೊತ್ತಿಗೆ ಕೇಳಿದೆ. “ಕ್ಯಾಂಟೀನಿನವರಿಗೆ ಮಾತು ಕೊಟ್ಟಾಗಿದೆಯಲ್ಲ” ಅಂದರು.

ನವೆಂಬರ್ 21

ಭಾವ ತಮ್ಮನ ಜೊತೆ ಮಾತು ಬಿಟ್ಟಿದ್ದಾರೆ. ಆದರೆ ಅಧ್ಯಕ್ಷಗಿರಿ ಬಿಟ್ಟಿಲ್ಲ. ನಿಶ್ಶಬ್ದ ಬೇಕಾ? ತಗೋ ನಿಶ್ಶಬ್ದ. ಊರಿಗೆಲ್ಲ ಆರ್ಡರ್ ಆಗಿದೆ. ಟೀ ಅಂಗಡಿಯವನು ಕೈಸನ್ನೆಯಲ್ಲಿ ಸಕ್ಕರೆ ಬೇಕಾ ಅಂತ ಕೇಳುತ್ತಾನೆ. ಹಾಲಿನವನು ಸೈಕಲ್ ಬೆಲ್ ಬಿಚ್ಚಿ ಜೇಬಿನಲ್ಲಿಟ್ಟುಕೊಂಡಿದ್ದಾನೆ. ಬೆಳಗಿನ ಬಸ್ಸಿಗೆ ಭಾವ ತಾವೇ ಅಡ್ಡ ನಿಂತು, ನಮ್ಮ ಲಾಡ್ಜಿನ ಮುಂದೆ ಹಾರ್ನ್ ಹೊಡೆದರೆ ಜೋಕೆ ಅಂದರಂತೆ. ಕಿವಿ ಮುಚ್ಚಿಕೊಂಡಿದ್ದ ಹುಡುಗಿ ನನ್ನ ಹತ್ತಿರ ಬಂದು ಪಿಸುಗುಟ್ಟಿದಳು, “ಆಂಟಿ, ಈ ಊರಲ್ಲಿ ಯಾರಿಗೂ ಮಾತು ಬರಲ್ವಾ?”

ಎಷ್ಟು ದಿನದ ಮೇಲೆ ನಕ್ಕೆನೋ. ಗೆಸ್ಟುಗಳು ಕಂಬಳಿ ಹೊದ್ದು ದಂಡೆಯಲ್ಲಿ ಸಾಲಾಗಿ ಕೂತಿರುತ್ತಾರೆ. ಏನೂ ಮಾಡುವುದಿಲ್ಲ. ಏನೂ ಮಾಡದವರಿಗೂ ಮೂರು ಹೊತ್ತು ಹಸಿವಾಗುತ್ತದೆ.

ನವೆಂಬರ್ 22

ಮೇಡಂ ಹೇಳಿದರು — ನಾಳೆ ತಾವು ಹೊರಟ ಮೇಲೆ ಸಂಜೆಯೇ ಮುಂದಿನ ಬ್ಯಾಚ್. ಆಮೇಲೆ ಪ್ರತಿ ವಾರ. “ಅಡುಗೆಯವರು ಇದೇ ಇರ್ತಾರಲ್ಲ? ನಮ್ಮ ಹುಡುಗಿ ಎಷ್ಟೋ ದಿನದ ಮೇಲೆ ಇನ್ನೊಂದ್ಸಲ ಹಾಕಿ ಅಂತ ಕೇಳಿ ತಿಂದ್ಲು.”

“ಇರ್ತಾರೆ” ಅಂದೆ. ಹಾಡಹಗಲೇ ಸುಳ್ಳು.

ಪರದೆಯ ಹಿಂದೆ ಇವರು ತಟ್ಟೆ ಹಿಡಿದು ನಿಂತಿದ್ದರು. ಕೇಳಿಸಿಕೊಂಡರು. ಮೇಡಂ ಹೋದ ಮೇಲೆ ಅಡುಗೆಮನೆಯಲ್ಲಿ ಹಿಡಿದುಕೊಂಡೆ.

“ಎಂಟೂ ರೂಮ್ ತುಂಬಿದೆ. ಮುಂದಿನ ವಾರಾನೂ ತುಂಬುತ್ತೆ. ಹೂಂ ಅಂದಿದ್ರಿ ನನಗೆ.”

“ಅವರಿಗೂ ಹೂಂ ಅಂದಿದ್ದೀನಿ.”

“ಯಾರಿಗೆ ಮೊದಲು ಅಂದ್ರಿ?”

ಒಲೆ ಸಣ್ಣ ಮಾಡಿದರು. ದೊಡ್ಡದು ಮಾಡಿದರು. ಅಣ್ಣನೆದುರು ಬಿಚ್ಚಿದ ಬಾಯಿ ಹೆಂಡತಿಯೆದುರು ಮತ್ತೆ ಬೀಗ. ಉಳಿಯಿರಿ ಅಂತ ಕಾಲು ಹಿಡಿಯಲಾ? ಹಿಡಿಯುವುದಿಲ್ಲ. ಹೇಳುವುದೆಲ್ಲ ಹೇಳಿಯಾಯಿತು.

ನವೆಂಬರ್ 23, ಸಂಜೆ

ಮೇಡಂ ಮತ್ತು ಅವರ ಜನ ಹೋದರು. ಹುಡುಗಿ ಒಂದು ಹಿಡಿ ಮರಳನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡಳು. ಬೇಕಾದರೆ ಮೂಟೆ ಕಟ್ಟಿ ಕೊಡುತ್ತಿದ್ದೆ.

ಹೊಸ ಬ್ಯಾಚ್ ಬಂದು ರೂಮಿಗೆ ಹೋಯಿತು. ನಾಳೆಯಿಂದ ಅಡುಗೆಗೆ ಯಾರು? ನಾನೇ. ರಿಸೆಪ್ಷನ್ನು, ಗುಡಿಸುವುದು, ಬೆಡ್‌ಶೀಟು, ಒಲೆ — ಎಲ್ಲ ನಾನೇ. ರೂಮ್ ತುಂಬಬೇಕು ಅಂದವಳು ನಾನೇ ತಾನೇ. ಅನುಭವಿಸಬೇಕು.

ಇವರು ಮಧ್ಯಾಹ್ನವಿಡೀ ಪಾಠ ಮಾಡಿದರು. ಖಾರ ಕಮ್ಮಿ ಹಾಕು. ಸೂಪು ಮೊದಲೇ ಕಾಯಿಸಿಡಬೇಡ. ದೊಡ್ಡ ಪಾತ್ರೆಯ ಹಿಡಿ ಸಡಿಲ, ಬಟ್ಟೆ ಸುತ್ತಿ ಹಿಡಿ. ಹೂಂ, ಹೂಂ ಅಂದೆ. ಬ್ಯಾಗ್ ತುಂಬಿಕೊಟ್ಟೆ. ಸ್ವೆಟರ್ ಮೇಲೆ ಸ್ವೆಟರ್ ತುರುಕಿದೆ, ಜಿಪ್ಪೇ ಬರಲಿಲ್ಲ. ಮಗಳು ಬ್ಯಾಗಿನ ಮೇಲೆ ಕೂತಳು. ಜಿಪ್ ಹಾಕಲು ಸಹಾಯ ಅಂದುಕೊಂಡೆ. ಅಲ್ಲ. ಸುಮ್ಮನೆ ಕೂತಿದ್ದಳು, ಏಳಲಿಲ್ಲ.

ಬೆಳಗಿನ ಬಸ್ಸು. ಮಲಗುತ್ತೇನೆ. ನಿದ್ದೆ ಬಂದರೆ.

ನವೆಂಬರ್ 24, ಬೆಳಿಗ್ಗೆ 6

ಕೌಂಟರಿನಲ್ಲಿ ಕೂತಿದ್ದೇನೆ. ಕೈ ಸುಮ್ಮನಿರಲಿ ಅಂತ ಬರೆಯುತ್ತಿದ್ದೇನೆ. ಬ್ಯಾಗ್ ಬಾಗಿಲ ಹತ್ತಿರ. ಇವರು ಹೊತ್ತಿಗೆ ಮುಂಚೆ ಎದ್ದು ಅಡುಗೆಮನೆಯಲ್ಲಿದ್ದಾರೆ. ಕೊನೇ ಸಲ ಟೀ ಇಟ್ಟು ಹೋಗ್ತೀನಿ, ಗೆಸ್ಟುಗಳು ಏಳ್ತಾರೆ ಅಂದರು. ಇಡಲಿ. ಬೇಡ ಅಂದೆನಾ?

ಬಸ್ಸು ಬಂತು.

ಹಾರ್ನ್ ಇಲ್ಲ. ಭಾವನ ಆರ್ಡರ್. ಬೆಕ್ಕಿನ ಹಾಗೆ ಬಂದು ಗೇಟಿನ ಮುಂದೆ ನಿಂತಿದೆ. ಡ್ರೈವರ್ ಕಿಟಕಿಯಿಂದ ನನಗೆ ಕೈಸನ್ನೆ ಮಾಡುತ್ತಿದ್ದಾನೆ — ಬರ್ತಾರಾ?

ಅಡುಗೆಮನೆಗೆ ಕೇಳಿಸಿರಲಾರದು. ಸುಮ್ಮನಿದ್ದರೆ ಬಸ್ಸು ಹೋಗುತ್ತದೆ. ನಾನು ಬಾಯಿ ಬಿಡದಿದ್ದರೆ ಸಾಕು. ಒಂದು ನಿಮಿಷ. ಅಷ್ಟೇ.

ಥೂ. ಆಗಲಿಲ್ಲ. ಹೀಗೆ ಉಳಿಸಿಕೊಂಡು ಏನು ಮಾಡಲಿ ಇವರನ್ನು?

“ರೀ, ಬಸ್ ಬಂದಿದೆ!” ಕೂಗಿದೆ. ಇಡೀ ಊರಿಗೆ ಕೇಳಿರಬೇಕು.

“ಕಿಟಕೀಲಿ ಆಗ್ಲೇ ನೋಡ್ದೆ ಕಣೇ. ಹೋಗು ಅನ್ನು ಅವನಿಗೆ.”

ಕೈಸನ್ನೆ ಮಾಡಿದೆ. ಡ್ರೈವರ್ ನಕ್ಕ. ಬಸ್ಸು ಹೊರಟಿತು. ಅಕ್ಷರ ಕಾಣುತ್ತಿಲ್ಲ, ಮರಳು ಬಿದ್ದಿದೆ. ಕ್ಯಾಂಟೀನಿನವರಿಗೆ ಫೋನ್ ಮಾಡಿ ಏನು ಹೇಳುತ್ತಾರೋ, ಅಣ್ಣನ ಹತ್ತಿರ ಹೇಗೆ ರಾಜಿ ಆಗುತ್ತಾರೋ, ಒಂದೂ ಗೊತ್ತಿಲ್ಲ. ಕೇಳಿದರೆ ನೋಡೋಣ ಅನ್ನುತ್ತಾರೆ. ಈಗ ಒಳಗಿಂದ ಕೂಗುತ್ತಿದ್ದಾರೆ — ಟೀ ಉಕ್ಕುತ್ತಿದೆ, ಜಾಲರಿ ಎಲ್ಲಿಟ್ಟೆ ಅಂತ. ಒಲೆ ಪಕ್ಕದ ಮೊಳೆ ರೀ! ಅದೇ ಮೊಳೆ! ಎಷ್ಟು ಸಲ ಹೇಳಬೇಕು ಈ ಮನುಷ್ಯನಿಗೆ, ದಿನಾ ಬೆಳಗಾದರೆ—